ಮೂರನೇ ಮಹಡಿಯ ಪಾಳಿ

ರಾತ್ರಿ ಹತ್ತಕ್ಕೆ ನನ್ನ ಕಾಲೇಜು ಶುರು.
ಬೀಗದ ಕೈ ಗೊಂಚಲು, ಬಕೆಟ್ಟು, ಎದೆಯ ಮೇಲೆ 'ವರ್ನಾ' ಎಂಬ ಬಿಲ್ಲೆ,
ಹಳದಿ ಫಲಕ: ನೆಲ ಒದ್ದೆಯಿದೆ, ಜೋಕೆ.
ಓಹಾಯೋ ನದಿಯ ಕಡೆಯಿಂದ ಕಲ್ಲಿದ್ದಲ ದೋಣಿ
ಒಂದು ಸಲ ಕೂಗಿ ಸುಮ್ಮನಾಗುತ್ತದೆ.
ಲಿಫ್ಟು ಪ್ರೊಫೆಸರರ ಹಾಗೆ, ಐದಕ್ಕೇ ಮನೆಗೆ ಹೋಗಿರುತ್ತದೆ.
ನಾನು ಮೆಟ್ಟಿಲೇರುತ್ತೇನೆ,
ಒಳ್ಳೆ ಕಾಲು ಮುಂದೆ, ಕೆಟ್ಟ ಕಾಲು ಹಿಂದೆ,
ರಾಯ್ಸ್ ಇದ್ದಾಗ ನಾವಿಬ್ಬರೂ ನಡೆದ ಹಾಗೆ.

ಎಲುಬಿಗೆ ಎಲುಬು ತಾಗುತ್ತಿದೆ, ನಡುವೆ ಏನೂ ಉಳಿದಿಲ್ಲ
ಅಂದರು ಡಾಕ್ಟರು, ಚಿತ್ರವನ್ನು ಬೆಳಕಿಗೆ ಹಿಡಿದು.
ಆ ಚಿತ್ರಕ್ಕೆ ನಾನೂರ ಹನ್ನೆರಡು ಡಾಲರು.
ಬೆಳಕು ಪುಕ್ಕಟೆ.
ವಿಮೆ ಇದೆಯಲ್ಲ, ಅಂದೆ.
ಇದೆ. ಮೊದಲ ಆರೂವರೆ ಸಾವಿರ ನಿಮ್ಮದು,
ಆಮೇಲಿನದಕ್ಕೆ ಕೂತು ಮಾತಾಡೋಣ ಅನ್ನುತ್ತದೆ ವಿಮೆ,
ಫೋನಿನಲ್ಲಿ, ಪಿಯಾನೋ ಬಾರಿಸುತ್ತ.

ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂದವರು
ಚಾಚಲಾರದ ಕಾಲಿಗೆ ಏನು ಹೇಳಿದ್ದಾರೋ ಗೊತ್ತಿಲ್ಲ.

ದುಡ್ಡಿಗಿಂತ ದೊಡ್ಡದು ಹತ್ತು ವಾರ.
ಹತ್ತು ವಾರ ಮಲಗಿದರೆ ಪಾಳಿ ಹೋಗುತ್ತದೆ,
ಪಾಳಿ ಹೋದರೆ ನೌಕರರ ಮಕ್ಕಳಿಗಿರುವ ಮಾಫಿ ಹೋಗುತ್ತದೆ,
ಮಾಫಿ ಹೋದರೆ ಡೆಲಿಯಾಳ ಫೀಸು
ನಮ್ಮ ಟ್ರೇಲರ್ ಮನೆಗಿಂತ ಉದ್ದ.
ನಾನು ಓದುವಾಗ (ಓದಲಿಲ್ಲ ಬಿಡಿ),
ನನ್ನಣ್ಣ ಓದುವಾಗ ಎರಡು ಬೇಸಿಗೆ ಮರ ಕೊಯ್ದು
ವರ್ಷದ ಫೀಸು ಕಟ್ಟಿದ, ಮಿಕ್ಕಿದ್ದರಲ್ಲಿ ಗಿಟಾರು ತಂದ.
ಈಗ ಆ ಕಾಡನ್ನೇ ಕೊಯ್ದರೂ ಪುಸ್ತಕಕ್ಕೆ ಸಾಲದು.

ಹಾಗಾಗಿ ನನ್ನ ಮಂಡಿ ಕಾಯುತ್ತದೆ.
ಇನ್ನು ಮೂರು ಸೆಮಿಸ್ಟರು.
ಅವಳು ಪಾಸಾದ ಪ್ರತಿ ಪರೀಕ್ಷೆಯಲ್ಲೂ
ಇದರದ್ದೊಂದು ಚೂರು ಸವೆದಿದೆ.
ಅವಳಿಗೆ ಹೇಳಿಲ್ಲ. ಚಳಿಗೆ ಹಿಡಿದುಕೊಂಡಿದೆ ಅನ್ನುತ್ತೇನೆ,
ಜುಲೈಯಲ್ಲೂ.

ಲ್ಯಾಬಿನ ಮೂಲೆಯಲ್ಲಿ ಒಂದು ಗಾಜಿನ ಬುಡ್ಡಿ,
ಒಳಗೆ ಏನೋ ನೀಲಿ, ಮೇಲೆ ಅವಳ ಅಕ್ಷರ:
'ಪ್ರುವಿಟ್, ಡಿ. ದಯವಿಟ್ಟು ಮುಟ್ಟಬೇಡಿ.'
ಮುಟ್ಟಲಿಲ್ಲ.
ಮಲಗಿದ ಕೂಸಿನ ಸುತ್ತ ಗುಡಿಸುವ ಹಾಗೆ ಸುತ್ತಲೂ ಒರೆಸಿದೆ.
ದಯವಿಟ್ಟು ಅನ್ನುವುದನ್ನು ಕಲಿಸಿದ್ದು ನಾನು, ಅಂತ
ಖಾಲಿ ಕೋಣೆಗೆ ಹೇಳಿದೆ.

ಮೊದಲ ವಾರವೇ ಮಾತಾಗಿತ್ತು ನಮ್ಮಲ್ಲಿ:
ಎದುರಾದರೆ ಗುರುತು ಹಿಡಿಯಬೇಡ.
ಮಾತು ನನ್ನದೇ. ಅವಳು ಸುಮ್ಮನಿದ್ದಳು,
ಅದನ್ನೇ ಒಪ್ಪಿಗೆ ಅಂದುಕೊಂಡೆ.

ಮೊನ್ನೆ ಗುರುವಾರ ಹನ್ನೊಂದೂವರೆಗೆ
ನಾಲ್ವರು ಇನ್ನೂ ಕೂತಿದ್ದರು. ಪಿಜ್ಜಾ ಡಬ್ಬಿ, ನಗು.
ಒಬ್ಬ ಹುಡುಗ ನನ್ನ ಮಾಪಿಗೆ ದಾರಿಯಾಗಲೆಂದು ಕಾಲೆತ್ತಿದ.
ಒಳ್ಳೆಯ ಹುಡುಗ, ಮುಖ ಎತ್ತಲಿಲ್ಲ ಅಷ್ಟೆ.
ಬಗ್ಗಿದೆ. ಮಂಡಿ ಒಣ ಕಟ್ಟಿಗೆಯ ಸದ್ದು ಮಾಡಿತು.
ಆಗ ಡೆಲಿಯಾ ಎದ್ದಳು.
ಏನೂ ಹೇಳದೆ ಸ್ಟೂಲುಗಳನ್ನು ಒಂದೊಂದಾಗಿ
ಮೇಜಿನ ಮೇಲೆ ಬೋರಲು ಹಾಕತೊಡಗಿದಳು,
ಇಪ್ಪತ್ತನಾಲ್ಕು, ಕಿಟಕಿ ಕಡೆಯಿಂದ, ನಾನು ಹಾಕುವ ಕ್ರಮದಲ್ಲೇ.
ಅಂದರೆ ಯಾವತ್ತೋ ನಿಂತು ನೋಡಿದ್ದಾಳೆ.
'ನೀನಿಲ್ಲಿ ಕೆಲಸ ಮಾಡ್ತೀಯಾ?' ಕೇಳಿದ ಹುಡುಗ.
'ಇಲ್ಲ,' ಅಂದಳು, 'ಫೀಸು ಕಟ್ತಿದೀನಿ.'
ಆಮೇಲೆ, ಸ್ವಲ್ಪ ಗಟ್ಟಿಯಾಗಿ: 'ಇವಳು ನಮ್ಮಮ್ಮ.'

ನನಗೆ ಸಿಟ್ಟು ಬಂತು. ಮಾತು ಮುರಿದಳಲ್ಲ.
ಮಾಪು ಹಿಂಡಿದೆ, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು.

ಮನೆಯಲ್ಲಿ ಮಂಡಿಗೆ ಫ್ರೀಜರಿನ ಬಟಾಣಿ ಪೊಟ್ಟಣ.
ಎರಡು ವರ್ಷದಿಂದ ಅದೇ ಪೊಟ್ಟಣ,
ಕರಗಿ, ಕಲ್ಲಾಗಿ, ಕರಗಿ,
ಈಗ ನನ್ನ ಕಾಲಿನ ಅಚ್ಚೇ ಆಗಿದೆ.
ವಿಮೆಯವರ ಕಾಗದ ಬಂದಿತ್ತು: ಜನವರಿಯಿಂದ
ಕಂತು ಏರಿಸುವುದಕ್ಕೆ ಅವರಿಗೂ ಬೇಸರವಂತೆ.
ಮಗುಚಿ ಹಿಂಬದಿಯಲ್ಲಿ ಸಾಮಾನು ಚೀಟಿ ಬರೆದೆ,
ಹಾಲು, ಬ್ಲೀಚು, ಮೊಟ್ಟೆ.
ಡೆಲಿಯಾ ಪೆನ್ನು ಕಿತ್ತುಕೊಂಡು ಕೆಳಗೆ ಸೇರಿಸಿದಳು:
'ಬಟಾಣಿ. ತಿನ್ನಲಿಕ್ಕೆ.'